ಮಂಕಾದ ಕಾರಿನ ಬಣ್ಣಕ್ಕೆ ಮನೆಯಲ್ಲೇ ಮೆರುಗು ತರುವುದು

ಮಲೆನಾಡಿನ ಅಡಿಕೆ ಬೆಳೆಗಾರರ ಅಂಗಳಗಳಲ್ಲಿ ನಿಂತಿರುವ ಹಳೆಯ ಕಾರುಗಳನ್ನು ಗಮನಿಸಿದರೆ, ಬಾಗಿಲುಗಳು ಇನ್ನೂ ಹೊಳೆಯುತ್ತಿದ್ದರೂ ಬಾನೆಟ್, ಟಾಪ್ ಮತ್ತು ಡಿಕ್ಕಿಯ ಮೇಲ್ಭಾಗ ಬಿಳಿಚಿಕೊಂಡಿರುವುದು ಕಾಣುತ್ತದೆ. ಬಿಸಿಲು ನೇರವಾಗಿ ಬೀಳುವುದು ಆ ಭಾಗಗಳ ಮೇಲೆಯೇ. ಬಿಸಿಲಿನ ನೇರಳಾತೀತ ಕಿರಣಗಳೂ ಗಾಳಿಯ ಆಮ್ಲಜನಕವೂ ಸೇರಿ, ಬಣ್ಣದ ಕಣಗಳನ್ನು ಹಿಡಿದಿಟ್ಟಿರುವ ರಾಳವನ್ನು ಒಡೆಯುತ್ತವೆ. ಕೈಯಾಡಿಸಿದಾಗ ಬೆರಳಿಗೆ ಹತ್ತುವ ಪುಡಿ ಹೀಗೆ ಸಡಿಲಗೊಂಡ ಬಣ್ಣವೇ. ಮಳೆಯ ಸೀಮೆಯಲ್ಲಿ ಈ ತೊಂದರೆ ಕಡಿಮೆ ಎಂದು ಭಾವಿಸುವುದು ಸರಿಯಲ್ಲ, ಏಕೆಂದರೆ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿಸಿಲು ಬಣ್ಣವನ್ನು ಸುಡಲು ಧಾರಾಳವಾಗಿ ಸಾಕು.

ಉಜ್ಜಲು ಕೈಹಾಕುವ ಮೊದಲು ಬಣ್ಣದ ಸ್ಥಿತಿಯನ್ನು ಪರೀಕ್ಷಿಸಬೇಕು. ತೊಳೆದ ಬಾನೆಟ್ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಒದ್ದೆಯಾದ ಕೂಡಲೇ ಬಣ್ಣ ಗಾಢವಾಗಿ, ಹೊಸದರಂತೆ ಕಂಡರೆ ಹಾನಿ ಮೇಲುಮೇಲಿನದು, ಪಾಲಿಷ್‌ನಿಂದ ಸರಿಹೋಗುವ ಸಾಧ್ಯತೆ ಹೆಚ್ಚು. ನೀರಿನಡಿಯಲ್ಲೂ ಬಿಳಿ ತೇಪೆಗಳು ಹಾಗೆಯೇ ಉಳಿದರೆ, ಅಥವಾ ಅಂಚಿನಲ್ಲಿ ಪದರ ಸಿಪ್ಪೆಯಂತೆ ಏಳುತ್ತಿದ್ದರೆ, ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಸತ್ತುಹೋಗಿದೆ ಎಂದೇ ಅರ್ಥ. ಅದನ್ನು ಯಾವ ಕಾಂಪೌಂಡೂ (ಮೇಲ್ಪದರವನ್ನು ಸವೆಸುವ, ಪಾಲಿಷ್‌ಗಿಂತ ಒರಟಾದ ಲೇಪ) ಬದುಕಿಸಲಾರದು; ಆ ಭಾಗಕ್ಕೆ ಮರುಬಣ್ಣವೇ ಗತಿ. ಎರಡನೆಯ ಪರೀಕ್ಷೆಗೆ ಬಿಳಿ ಬಟ್ಟೆಗೆ (ಕಾರೇ ಬಿಳಿಯಾದರೆ ಕಪ್ಪು ಬಟ್ಟೆಗೆ) ಸ್ವಲ್ಪ ಪಾಲಿಷ್ ಹಚ್ಚಿ ಒಂದು ಮೂಲೆಯಲ್ಲಿ ಉಜ್ಜಬೇಕು. ಬಟ್ಟೆಗೆ ಕಾರಿನದೇ ಬಣ್ಣ ಹತ್ತಿದರೆ ಅದು ಕ್ಲಿಯರ್ ಕೋಟ್ ಇಲ್ಲದ ಒಂದೇ ಪದರದ ಬಣ್ಣ. ಹಳೆಯ ಮಾರುತಿ 800, ಓಮ್ನಿ, ಅಂಬಾಸಿಡರ್‌ಗಳಲ್ಲಿ ಇದು ಸಾಮಾನ್ಯ. ಬಣ್ಣ ಹತ್ತದಿದ್ದರೆ ನೀವು ಉಜ್ಜುತ್ತಿರುವುದು ಕ್ಲಿಯರ್ ಕೋಟನ್ನು. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್ ಮಾತ್ರ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಬಿಸಿಲನ್ನು ತಡೆಯುವ ರಾಸಾಯನಿಕಗಳು ಇರುವುದೂ ಅದರಲ್ಲೇ. ಪ್ರತಿ ಬಾರಿ ಉಜ್ಜಿದಾಗಲೂ ಈ ಗಂಟು ಕರಗುತ್ತದೆ ಎಂಬ ಎಚ್ಚರ ಕೊನೆಯವರೆಗೂ ಇರಬೇಕು.

ಮಳೆಗಾಲ ಮುಗಿದ ಮೇಲಿನ ಒಣ ದಿನಗಳು ಈ ಕೆಲಸಕ್ಕೆ ಸೂಕ್ತ. ಬೆಳಗಿನ ಇಬ್ಬನಿ ಪೂರ್ತಿ ಆರಿದ ನಂತರ, ನೆರಳಿನಲ್ಲಿ, ತಗಡು ಕೈಗೆ ತಣ್ಣಗೆ ತಾಕುವಾಗ ಆರಂಭಿಸಿ. ಕೊಯ್ಲಿನ ಸಮಯವಾದರೆ ಒಣಹಾಕಿದ ಅಡಿಕೆಯಿಂದ ಕಾರನ್ನು ದೂರ ನಿಲ್ಲಿಸುವುದು ಲೇಸು, ಏಕೆಂದರೆ ಕಾಂಪೌಂಡಿನ ಪುಡಿ ಹಾರುತ್ತದೆ.

ತೊಳೆಯುವಾಗ ಮೊದಲು ಧಾರಾಳವಾಗಿ ನೀರು ಹಾಯಿಸಿ ಕೆಂಪು ಮಣ್ಣನ್ನು ಇಳಿಸಬೇಕು. ಮಣ್ಣಿರುವಾಗಲೇ ಬಟ್ಟೆ ಆಡಿಸಿದರೆ ಹೊಸ ಗೀರುಗಳನ್ನು ನಾವೇ ಮಾಡಿದಂತೆ. ಗಾಜಿನ ಬೀಡಿಂಗ್ ಸಂದಿಯಲ್ಲಿ ಕೂತ ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಹನಿಗಳು ಬಿದ್ದು ಒಣಗಿದ್ದರೆ ಅದರಲ್ಲಿನ ಸುಣ್ಣ ಶಾಂಪೂವಿಗೆ ಜಗ್ಗುವುದಿಲ್ಲ. ನೀರು ಬೆರೆಸಿದ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಕಲೆಯ ಮೇಲೆ ಒಂದೆರಡು ನಿಮಿಷ ಇಟ್ಟು, ಒರೆಸಿ, ತಕ್ಷಣ ಚೆನ್ನಾಗಿ ತೊಳೆಯಬೇಕು. ಡಾಂಬರಿನ ಚುಕ್ಕೆಗಳು ಸೀಮೆಎಣ್ಣೆಗೆ ಬಿಡುತ್ತವೆ, ಆಮೇಲೆ ಮತ್ತೊಮ್ಮೆ ಶಾಂಪೂ ಬೇಕು. ಒಣಗಿದ ಮೇಲೂ ಅಂಗೈಗೆ ತರಿತರಿ ಎನಿಸಿದರೆ, ಶಾಂಪೂ ನೀರು ಚಿಮುಕಿಸುತ್ತಾ ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ ಕಣಗಳನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತ್ತನೆಯ ತುಂಡು) ಆಡಿಸಿ. ಅದು ನೆಲಕ್ಕೆ ಬಿದ್ದರೆ ತೊಳೆದು ಬಳಸುವ ಆಸೆ ಬೇಡ, ಎಸೆದುಬಿಡಿ.

ಇನ್ನು ಉಜ್ಜುವ ಕೆಲಸ. ರಬ್ಬರ್, ಪ್ಲಾಸ್ಟಿಕ್ ಮತ್ತು ಬಾನೆಟ್‌ನ ಚೂಪು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಏಕೆಂದರೆ ಅಂಚುಗಳಲ್ಲಿ ಬಣ್ಣ ತೆಳುವಾಗಿರುತ್ತದೆ. ಒಂದೂವರೆ ಅಡಿ ಚದರದಷ್ಟು ಜಾಗವನ್ನು ಮಾತ್ರ ಆರಿಸಿಕೊಂಡು, ಅತ್ಯಂತ ಮೃದುವಾದ ಪಾಲಿಷ್‌ನಿಂದಲೇ ತೊಡಗಿ, ಅದು ಸಾಲದೆಂದು ಖಚಿತವಾದರೆ ಮಾತ್ರ ರಬ್ಬಿಂಗ್ ಕಾಂಪೌಂಡಿಗೆ ಹೋಗಬೇಕು. ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಸಾಕು. ಫೋಮ್ ಪ್ಯಾಡ್‌ನಿಂದ ಮೊದಲು ಉದ್ದಕ್ಕೆ, ನಂತರ ಅಡ್ಡಕ್ಕೆ, ಸಮನಾದ ಒತ್ತಡದಲ್ಲಿ ಉಜ್ಜಿ, ಒಣಗುವ ಮುನ್ನವೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ನೋಡಿ. ಒಂದೇ ಪದರದ ಕೆಂಪು ಕಾರಾದರೆ ಪ್ಯಾಡ್ ಕೆಲವೇ ಸುತ್ತಿಗೆ ಕುಂಕುಮದಂತೆ ಕೆಂಪಾಗುತ್ತದೆ. ಗಾಬರಿ ಬೇಡ, ಅದು ಸತ್ತ ಬಣ್ಣ. ಆದರೆ ತುಂಬಿದ ಪ್ಯಾಡನ್ನು ಬದಲಿಸದಿದ್ದರೆ ತೆಗೆದ ಪುಡಿಯನ್ನೇ ಮತ್ತೆ ಬಳಿಯುತ್ತೀರಿ. ಯಂತ್ರ ಬೇಕೆಂದರೆ, ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆಕ್ಷನ್ ಪಾಲಿಷರ್ ಒಳ್ಳೆಯದು. ಡ್ರಿಲ್ಲಿಗೆ ಪ್ಯಾಡ್ ಸಿಕ್ಕಿಸುವ ಉಪಾಯ ಒಂದೇ ಕಡೆ ಬಿಸಿಯೇರಿಸಿ ಬಣ್ಣವನ್ನು ಸುಡಬಲ್ಲದು. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಿಡಿಯುವುದಂತೂ, ನನ್ನ ಅಭಿಪ್ರಾಯದಲ್ಲಿ, ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ.

ಕಾಂಪೌಂಡ್ ಬಳಸಿದ್ದರೆ ಅದರ ಮಸುಕು ಹೋಗಲು ಮೃದು ಪಾಲಿಷ್‌ನ ಇನ್ನೊಂದು ಸುತ್ತು ಆಗಬೇಕು. ನಂತರ ವ್ಯಾಕ್ಸ್ ಅಥವಾ ಸೀಲಂಟ್ (ವ್ಯಾಕ್ಸ್‌ನಂತೆಯೇ ಬಣ್ಣವನ್ನು ಕಾಯುವ ಕೃತಕ ಲೇಪ) ಅನ್ನು ತೆಳುವಾಗಿ ಬಳಿದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ. ವ್ಯಾಕ್ಸ್ ಕೆಲವೇ ತಿಂಗಳು ಬಾಳುತ್ತದೆ. ಬೇಸಿಗೆ ಶುರುವಾಗುವಾಗ ಒಮ್ಮೆ, ಮುಂಗಾರಿಗೆ ಮುಂಚೆ ಇನ್ನೊಮ್ಮೆ ಹಚ್ಚಬೇಕು. ಕ್ಲಿಯರ್ ಕೋಟ್ ಇಲ್ಲದ ಕಾರಿಗೆ ಇದನ್ನು ತಪ್ಪಿಸಲೇಬಾರದು. ಒದ್ದೆ ಕಾರಿಗೆ ಕವರ್ ಹೊದಿಸಬೇಡಿ. ತೋಟಕ್ಕೆ ಔಷಧಿ ಹೊಡೆಯುವ ದಿನ ಕಾರನ್ನು ಗಾಳಿ ಬೀಸಿಬರುವ ಕಡೆಗೆ, ಮರಗಳಿಂದ ದೂರ ನಿಲ್ಲಿಸಿ.