ಗ್ರಾಮಸಭೆಯನ್ನೇ ಪಾಠ ಮಾಡಿಕೊಂಡ ನಾಯಕತ್ವದ ಕೋರ್ಸು

ಬಯಲುಸೀಮೆಯ ಒಂದು ತಾಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ವಿಶ್ವವಿದ್ಯಾಲಯದ ಸಮುದಾಯ ನಾಯಕತ್ವ ಸರ್ಟಿಫಿಕೇಟ್ ಕೋರ್ಸನ್ನು ನಮ್ಮಲ್ಲಿ ನಡೆಸುವ ಹೊಣೆ ಕೆಲವು ವರ್ಷಗಳಿಂದ ನನ್ನದು. ಸೇರುವವರೆಲ್ಲ ಹೆಚ್ಚುಕಡಿಮೆ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗುವ ಮಕ್ಕಳು. ಇಂಥ ಕೋರ್ಸುಗಳಲ್ಲಿ ಭಾಷಣ ಕಲೆ, ವ್ಯಕ್ತಿತ್ವ ವಿಕಸನ, ಅತಿಥಿ ಉಪನ್ಯಾಸಗಳೇ ಹೆಚ್ಚು. ನಾನು ಅವನ್ನು ಆದಷ್ಟು ಕಡಿಮೆ ಮಾಡಿ, ಇಡೀ ಕೋರ್ಸನ್ನು ಗ್ರಾಮಸಭೆಯ ಸುತ್ತ ಕಟ್ಟಿದೆ. ತನ್ನ ಊರಿನ ಒಂದೇ ಒಂದು ಸಮಸ್ಯೆಯನ್ನು ವಾರ್ಡ್ ಸಭೆಯಿಂದ ನಡಾವಳಿ ಪುಸ್ತಕದವರೆಗೆ ಒಯ್ದು, ಆಮೇಲೂ ಅದರ ಬೆನ್ನು ಬಿಡದ ಹುಡುಗಿ ಕಲಿಯುವಷ್ಟನ್ನು ಯಾವ ಭಾಷಣ ತರಬೇತಿಯೂ ಕಲಿಸಲಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೊದಲ ತರಗತಿ ಮತದಾರರ ಪಟ್ಟಿಯದು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಯಾರೂ ಕರೆದು ಕೂರಿಸಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಇದನ್ನು ಹೇಳಿದಾಗ ಎಷ್ಟೋ ಮಕ್ಕಳು, 'ನಾವೂ ಹೋಗಬಹುದಾ ಮೇಡಂ?' ಎಂದು ಕೇಳುತ್ತಾರೆ. ಪಟ್ಟಿ ತೆರೆದು ನೋಡಿದರೆ ಅರ್ಧ ಮಕ್ಕಳ ಹೆಸರೇ ಇರುವುದಿಲ್ಲ. ಹಾಗಾಗಿ ಮೊದಲ ಮನೆಗೆಲಸ ನಮೂನೆ 6 ತುಂಬುವುದು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಖುಗಳಲ್ಲಿ ಯಾವುದಕ್ಕೆ 18 ತುಂಬಿದರೂ ಹೆಸರು ಸೇರಿಸಬಹುದು. ಹಾಗಾಗಿ ಇಡೀ ವರ್ಷ ಕಾಯುವ ಪ್ರಶ್ನೆ ಇಲ್ಲ.

ಇತಿಹಾಸಕ್ಕೆ ಒಂದು ತರಗತಿ ಸಾಕು. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದಕ್ಕೂ ಮೊದಲೇ, 1987ರಲ್ಲಿ ನಮ್ಮ ರಾಜ್ಯದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಿತ್ತು. ಅದರ ಹಿಂದೆ ನಿಂತವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಮಂತ್ರಿ. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರು. ಈಗಿನ ಮಕ್ಕಳಿಗೆ ಅವರು ಗೊತ್ತಿಲ್ಲ. ಅಧಿಕಾರವನ್ನು ಕೆಳಕ್ಕೆ ಬಿಟ್ಟುಕೊಟ್ಟ ಮನುಷ್ಯನೊಬ್ಬ ನಮ್ಮಲ್ಲಿದ್ದ ಎಂಬುದು ಅವರಿಗೆ ತಿಳಿದಿರಬೇಕು ಅಂತ ನನಗೆ ಆಸೆ.

ಆಮೇಲೆ ಊರಿಗೆ. ಮೊದಲು ನಕ್ಷೆ. ಸರ್ಕಾರಿ ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಊರಿನವರೇ ತಮ್ಮ ಊರನ್ನು ಬರೆಯುತ್ತಾರೆ. ಗಂಡಸರು ಶುರುಮಾಡಿದರೆ ಮುಖ್ಯ ರಸ್ತೆ, ದೇವಸ್ಥಾನ, ಪಂಚಾಯಿತಿ ಕಟ್ಟಡ ಮೊದಲು ಬರುತ್ತವೆ. ಹೆಂಗಸರ ಕೈಗೆ ಪುಡಿ ಹೋದರೆ ನಲ್ಲಿ, ತೊಂಬೆ, ಅಂಗನವಾಡಿ, ರಾತ್ರಿ ದೀಪ ಉರಿಯದ ಕಂಬ. ನಾನು ಈಗ ಎರಡನ್ನೂ ಬೇರೆ ಬೇರೆ ಬರೆಸುತ್ತೇನೆ. ಹೆಂಗಸರ ನಕ್ಷೆಗೆ ಬೇರೆ ಹೊತ್ತು ಗೊತ್ತುಮಾಡುತ್ತೇನೆ, ಗಂಡಸರು ನಿಂತು ನೋಡುತ್ತಿದ್ದರೆ ಪುಡಿ ಹಿಡಿದ ಕೈ ಹಿಂದಕ್ಕೆ ಹೋಗುತ್ತದೆ.

ಒಂದು ತಂಡದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅವರ ಊರಿನ ಕಾಲೊನಿಗೆ ನೀರು ಸರಿಯಾಗಿ ಬರುತ್ತಿರಲಿಲ್ಲ. 'ನೀರಗಂಟಿ ಬೇಕಂತಲೇ ಬಿಡಲ್ಲ' ಎಂದು ಕಾಲೊನಿಯವರ ದೂರು. ವಿದ್ಯಾರ್ಥಿಗಳೂ ಹಾಗೇ ಬರೆದುಕೊಂಡು ಬಂದರು. ದೂರು ಬರೆಯುವ ಮೊದಲು ಒಂದು ವಾರ ಅವನ ಜೊತೆ ಇದ್ದು ಬನ್ನಿ ಎಂದೆ. ಗೇಟ್‌ವಾಲ್ವ್ ತಿರುಗಿಸುವ ಕಬ್ಬಿಣದ ರಾಡು ಹೆಗಲ ಮೇಲಿಟ್ಟುಕೊಂಡು ಅವನು ಹೋದಲ್ಲೆಲ್ಲ ಇವರು ನೋಟ್‌ಬುಕ್ ಹಿಡಿದು ಹೋದರು. ತ್ರೀ ಫೇಸ್ ಕರೆಂಟು ಬಂದದ್ದು ಎಷ್ಟು ಗಂಟೆಗೆ, ಹೋದದ್ದು ಯಾವಾಗ, ಟ್ಯಾಂಕು ಎಷ್ಟು ತುಂಬಿತು, ಯಾವ ವಾಲ್ವ್ ಎಷ್ಟು ಹೊತ್ತು ತೆರೆದಿತ್ತು, ಎಲ್ಲ ಬರೆದರು. ಬೋರ್‌ವೆಲ್ ಮೋಟರು ಪಂಪ್‌ಸೆಟ್ಟಿನ ಲೈನಿನಲ್ಲಿತ್ತು. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ಪಾಳಿ ಮುಗಿಯುವಷ್ಟರಲ್ಲಿ ಟ್ಯಾಂಕು ಅರ್ಧ ತುಂಬಿದರೆ ಹೆಚ್ಚು. ಕಾಲೊನಿ ಪೈಪ್‌ಲೈನಿನ ಕೊನೆಯಲ್ಲಿ, ಅದೂ ಏರಿನ ಮೇಲೆ. ಅಲ್ಲಿಗೆ ಹೋಗುವಷ್ಟರಲ್ಲಿ ಒತ್ತಡವೇ ಇರುತ್ತಿರಲಿಲ್ಲ.

ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆಯಾದ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್, ಅಂದರೆ 15 ಲೀಟರಿನ ಕೊಡದಲ್ಲಿ ಹದಿನೆಂಟಕ್ಕೂ ಮೇಲೆ. ಮಕ್ಕಳು ಕಾಲೊನಿಯಲ್ಲಿ ಕೊಡ ಎಣಿಸಿದರು. ಬಹುತೇಕ ಮನೆಗಳಿಗೆ ಅದರ ಅರ್ಧವೂ ಸಿಗುತ್ತಿರಲಿಲ್ಲ. ಈಗ ಅವರ ಕೈಯಲ್ಲಿ ಗಟ್ಟಿ ಲೆಕ್ಕವಿತ್ತು. ಬೇಡಿಕೆ ಎರಡಾಯಿತು: ಮೋಟರನ್ನು, ಪಂಪ್‌ಸೆಟ್ಟಿನಿಂದ ಬೇರೆ ಮಾಡಿ ಊರಿನ ಮನೆಗಳಿಗೆ ಇಡೀ ದಿನ ಕರೆಂಟು ಕೊಡುವ ನಿರಂತರ ಜ್ಯೋತಿ ಲೈನಿಗೆ ಸೇರಿಸುವುದು, ಅಲ್ಲಿಯವರೆಗೆ ದಿನ ಬಿಟ್ಟು ದಿನ ಕಾಲೊನಿಗೇ ಮೊದಲು ನೀರು ಬಿಡುವುದು. ಎರಡನೆಯದಕ್ಕೆ ಬಿಡಿಗಾಸೂ ಬೇಕಿರಲಿಲ್ಲ. ಒಬ್ಬ ಹುಡುಗ, 'ಅಣ್ಣಾ, ಹೀಗೆ ಮಾಡೋಕಾಗುತ್ತಾ?' ಎಂದು ಕೇಳಿದ್ದಕ್ಕೆ ನೀರಗಂಟಿ, 'ಇಷ್ಟು ದಿನ ಎಲ್ಲರೂ ಬೈದ್ರೇ ಹೊರತು ಕೂತ್ಕೊಂಡು ಕೇಳ್ದೋರಿಲ್ಲ ಕಣಪ್ಪ' ಎಂದು ಮಾರನೇ ದಿನದಿಂದಲೇ ಶುರು ಮಾಡಿದ.

ಮೊದಲನೆಯದಕ್ಕೆ ಗ್ರಾಮಸಭೆಯೇ ಬೇಕಿತ್ತು. ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಕಾನೂನಿದೆ. ಸಭೆಗೆ ಮೊದಲು ನಾನು ಕಲಿಸುವುದು ಎರಡೇ ಸಂಗತಿ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದಕ್ಕೆ ತಾರೀಖು ಹಾಕಿ ಸೀಲು ಹೊಡೆಸಿಕೊಂಡು ಬರಬೇಕು. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆ. ಇನ್ನೊಂದು, ಸಭೆ ಶುರುವಾದಾಗ, 'ಹಿಂದಿನ ಸಭೆಯ ಅನುಪಾಲನಾ ವರದಿ ಓದಿ ಹೇಳಿ' ಎಂದು ವಿನಯದಿಂದ ಕೇಳಬೇಕು. ಹಿಂದೆ ಏನು ಠರಾವಾಯಿತು, ಅದರಲ್ಲಿ ಎಷ್ಟು ನಡೆಯಿತು ಎಂಬುದು ಆ ಒಂದು ಪ್ರಶ್ನೆಯಿಂದ ಊರಿನ ಮುಂದೆ ಬರುತ್ತದೆ. ಕಾಲೇಜಿನ ಮಕ್ಕಳು ಕೂಗಾಡದೆ ಇದನ್ನು ಕೇಳಿದಾಗ ಸಭೆಗೆ ನೇಮಕವಾದ ನೋಡಲ್ ಅಧಿಕಾರಿಯೂ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರೂ ಕಡತ ತೆರೆದು ಉತ್ತರ ಕೊಟ್ಟಿದ್ದನ್ನು ನಾನು ಹಲವು ಸಲ ನೋಡಿದ್ದೇನೆ.

ಕಾಲೊನಿಯ ನೀರಿನ ವಿಷಯ ಬಂದಾಗ ವಿದ್ಯಾರ್ಥಿಗಳು ಮಾತಾಡಲಿಲ್ಲ. ಹಾಗೆಂದು ಮೊದಲೇ ತೀರ್ಮಾನಿಸಿದ್ದೆವು. ಕಾಲೊನಿಯ ಒಬ್ಬ ತಾಯಿ ಎದ್ದು ನಿಂತರು, ಲೆಕ್ಕದ ಹಾಳೆ ಹಿಡಿದ ಹುಡುಗಿ ಪಕ್ಕದಲ್ಲಿ ನಿಂತಳು. ಆಕೆ ತಡವರಿಸಿದಾಗ ಹುಡುಗಿ ಮೆಲ್ಲಗೆ, 'ಹದಿನೆಂಟು ಕೊಡ ಅಂತ ಹೇಳಮ್ಮ' ಎಂದಳು. ಅಷ್ಟೇ ಅವಳ ಮಾತು. ಅವಳಿಗೆ ನಾನು ಕೊಟ್ಟ ಅಂಕ ತಂಡದಲ್ಲೇ ಹೆಚ್ಚು. ಠರಾವು ನಡಾವಳಿ ಪುಸ್ತಕದಲ್ಲಿ ದಾಖಲಾಯಿತು, ಪಂಚಾಯಿತಿಯಿಂದ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಪತ್ರ ಹೋಯಿತು. ಮೋಟರಿನ ಲೈನು ಬದಲಾಗುವಷ್ಟರಲ್ಲಿ ಆ ತಂಡ ಕಾಲೇಜು ಮುಗಿಸಿತ್ತು. ಬೆನ್ನು ಹತ್ತಿದ್ದು ಮುಂದಿನ ಬ್ಯಾಚಿನವರು.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಬರೆಸುತ್ತೇನೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ಆ ಮಿತಿ ಬರವಣಿಗೆಗೆ ಒಳ್ಳೆಯ ಅಭ್ಯಾಸ. ಆದರೆ ಕಚೇರಿಗೆ ಹೋಗಿ ಕೇಳಿದರೆ ಸಿಗುವ ಕಾಗದಕ್ಕೆ ಅರ್ಜಿ ಹಾಕಬೇಡಿ ಎಂದೂ ಹೇಳುತ್ತೇನೆ. ಅದೇ ಪಿಡಿಒ ಬಳಿ ನಾಳೆ ಬೇರೆ ಕೆಲಸಕ್ಕೆ ಹೋಗಬೇಕಾದವರು ಇವರೇ.

ನಿಜವಾಗಿ ಕಷ್ಟದ್ದು ಹೆಣ್ಣುಮಕ್ಕಳನ್ನು ಸಭೆಗೆ ಕರೆತರುವುದು. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು, ಆದರೂ ಮನೆಯಲ್ಲಿ, 'ನಮ್ಮ ಹುಡುಗಿ ಸಭೆಗೆ ಯಾಕೆ?' ಎನ್ನುವ ಮಾತು ಹೋಗಿಲ್ಲ. ನಾನು ಮನೆಗಳಿಗೆ ಹೋಗುತ್ತೇನೆ, ಅಮ್ಮಂದಿರ ಜೊತೆ ಕೂರುತ್ತೇನೆ. ಅಮ್ಮನನ್ನೂ ಸಭೆಗೆ ಕರೆಯುವುದು ಎಲ್ಲಕ್ಕಿಂತ ಚೆನ್ನಾಗಿ ಫಲಿಸಿದೆ. ಅಪ್ಪಂದಿರು ಕೇಳುವುದು, 'ಈ ಸರ್ಟಿಫಿಕೇಟಿಂದ ಕೆಲಸ ಸಿಗುತ್ತಾ ಮೇಡಂ?' ಎಂದು. ಸರ್ಟಿಫಿಕೇಟ್ ತೋರಿಸಿದ ಕೂಡಲೇ ಸಿಗುವುದಿಲ್ಲ ಎಂದೇ ಹೇಳುತ್ತೇನೆ. ಪಿಡಿಒ ಹುದ್ದೆಯ ಪರೀಕ್ಷೆಗೆ ಪಂಚಾಯತ್ ರಾಜ್ ಓದಬೇಕು, ಅದನ್ನು ಇವರು ಕಣ್ಣಾರೆ ಕಂಡು ಓದುತ್ತಾರೆ. ಗದಗದಲ್ಲಿ ಇದೇ ವಿಷಯಕ್ಕೆಂದು ಒಂದು ವಿಶ್ವವಿದ್ಯಾಲಯವೇ ಇದೆ, ಮುಂದೆ ಓದುವ ಮನಸ್ಸಿದ್ದರೆ ದಾರಿ ಇದೆ. 21 ತುಂಬಿದರೆ ಪಂಚಾಯಿತಿ ಚುನಾವಣೆಗೆ ನಿಲ್ಲಲೂಬಹುದು.

ಬೇರೆ ಕಾಲೇಜಿನವರು ಇದನ್ನು ಶುರುಮಾಡುವುದಾದರೆ ಮೊದಲು ಸುತ್ತಲಿನ ಪಂಚಾಯಿತಿಗಳಿಗೆ ಹೋಗಿ ವಾರ್ಡ್ ಸಭೆ, ಗ್ರಾಮಸಭೆಗಳ ದಿನಾಂಕ ತಿಳಿದುಕೊಳ್ಳಿ, ವೇಳಾಪಟ್ಟಿಯನ್ನು ಆಮೇಲೆ ಹಾಕಿ. ಪ್ರತಿ ಊರಿಗೂ ಒಂದು ಫೈಲು ಇಡಿ. ನಕ್ಷೆಯ ಫೋಟೋ, ಸೀಲು ಬಿದ್ದ ಅರ್ಜಿ, ಠರಾವಿನ ನಕಲು, ಯಾರ ಬಳಿ ಯಾವಾಗ ಹೋಗಿದ್ದೆವು ಎಂಬ ಟಿಪ್ಪಣಿ ಅದರಲ್ಲಿರಲಿ. ನಮ್ಮಲ್ಲಿ ಹೊಸ ಬ್ಯಾಚಿನವರ ಎರಡನೇ ತರಗತಿ ಈ ಫೈಲು ಓದುವುದು. ಓದಿ ಮುಗಿಸಿದ ಮೇಲೆ ಅವರು ಮೊದಲು ಕೇಳುವುದು ಮುಂದಿನ ಸಭೆ ಯಾವಾಗ ಎಂದು.