ರಿಜಿಸ್ಟರಿನಲ್ಲಿ ‘ಸೂಡೋಮೊನಾಸ್’ ಅಂತ ಬರೆದಿತ್ತು

ಆ ಹೆಂಗಸು ನಮ್ಮಲ್ಲಿಗೆ ಬರುವಾಗ ಜ್ವರ ಶುರುವಾಗಿ ಐದು ವಾರ ಆಗಿತ್ತು. ಹೊರಗೆ ಬಿಡದೆ ಮಳೆ. ವಾರ್ಡಿನಲ್ಲಿ ಒಂದು ಹಾಸಿಗೆಯೂ ಖಾಲಿ ಇಲ್ಲ. ಕರಾವಳಿಯಲ್ಲಿ ಮಳೆಗಾಲದ ಜ್ವರ ಅಂದರೆ ನಾವು ಮೊದಲು ನೋಡುವುದು ಡೆಂಗಿ, ಇಲಿಜ್ವರ, ಮಲೇರಿಯಾ. ಅವರಿಗೆ ಈ ಮೂರೂ ಇರಲಿಲ್ಲ. ಬೇರೆ ಕಡೆ ತೋರಿಸಿದಾಗ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಏನೋ ಕಂಡಿತ್ತು, ಕಫದಲ್ಲಿ ಟಿಬಿ ಸಿಗದಿದ್ದರೂ ಟಿಬಿ ಮಾತ್ರೆ ಶುರು ಮಾಡಿದ್ದರು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಕೆಮ್ಮು, ತೂಕ ಇಳಿದದ್ದು, ಸಕ್ಕರೆ ಕಾಯಿಲೆ, ಅಂಥ ಎಕ್ಸ್‌ರೇ, ಇಷ್ಟು ಎದುರಿಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಸ್ಕ್ಯಾನ್ ಮಾಡಿಸಿದೆವು. ಗುಲ್ಮದ ತುಂಬಾ, ಅಂದರೆ ಸ್ಪ್ಲೀನ್‌ನಲ್ಲಿ, ಸಣ್ಣ ಸಣ್ಣ ಕೀವಿನ ಗುಳ್ಳೆಗಳು. ಲಿವರ್‌ನಲ್ಲೂ ಒಂದು. ಟಿಬಿಯಲ್ಲೂ ಹೀಗಾಗಬಹುದು, ಇಲ್ಲ ಅಂತಲ್ಲ. ಆದರೆ ಒಂದು ತಿಂಗಳು ಮಾತ್ರೆ ತಿಂದ ಮೇಲೂ ಜ್ವರ 103ಕ್ಕೆ ಏರುತ್ತಿದೆ ಅಂದರೆ ಸುಮ್ನೆ ಕೂರುವ ಹಾಗಿಲ್ಲ. ಇಂಜೆಕ್ಷನ್ ಯಾವುದನ್ನೂ ಕೊಡುವ ಮೊದಲು ಎರಡೂ ಕೈಯಿಂದ ರಕ್ತ ತೆಗೆದು ಕಲ್ಚರ್ ಬಾಟಲಿಗೆ, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಬೆಳೆಸಿ ನೋಡುವ ಬಾಟಲಿಗೆ, ಹಾಕಿದೆವು. ಆ ದಿನ ನಾವು ಮಾಡಿದ ದೊಡ್ಡ ಕೆಲಸ ಅದೇ. ಕ್ಯಾಶುವಾಲ್ಟಿಯಲ್ಲಿ ಜ್ವರದವರು ಬಂದ ಕೂಡಲೇ ಒಂದು ಆ್ಯಂಟಿಬಯಾಟಿಕ್ ಏರಿಸಿಬಿಡುವುದು, ಕಲ್ಚರ್ ನಾಳೆ ನೋಡುವ ಅನ್ನುವುದು ಎಲ್ಲಾ ಕಡೆ ಉಂಟು. ಹಾಗೆ ಮಾಡಿದ್ದರೆ ನಾನು ಈಗ ಹೇಳುವ ಕಥೆ ಬಾಟಲಿಯಲ್ಲೇ ಸತ್ತುಹೋಗುತ್ತಿತ್ತು.

ಎರಡನೇ ದಿನ ಸಂಜೆ ಲ್ಯಾಬ್‌ನಿಂದ ಫೋನ್ ಬಂತು. ನಮ್ಮ ಲ್ಯಾಬ್ ಟೆಕ್ನಿಷಿಯನ್ ಜಾಸ್ತಿ ಮಾತಾಡುವವರಲ್ಲ. "ಡಾಕ್ಟ್ರೇ, ಒಮ್ಮೆ ಬಂದು ನೋಡಿ. ಸೂಡೋಮೊನಾಸ್ ಅಂತ ಬರೆದು ಕಳಿಸಬಹುದು, ಆದರೆ ಮನಸ್ಸು ಬರ್ತಾ ಇಲ್ಲ" ಅಂದರು.

ಸೂಡೋಮೊನಾಸ್ ಅಂದರೆ ಆಸ್ಪತ್ರೆಗಳಲ್ಲಿ ಆಗಾಗ ಸಿಗುವ ಒಂದು ಬ್ಯಾಕ್ಟೀರಿಯಾ. ಹೋಗಿ ನೋಡಿದೆ. ಅಂಗೈಯಗಲದ ಪ್ಲೇಟಿನ ಮೇಲೆ ಔಷಧದ ಸಣ್ಣ ಸಣ್ಣ ಬಿಳಿ ಬಿಲ್ಲೆಗಳು. ಔಷಧಕ್ಕೆ ಬ್ಯಾಕ್ಟೀರಿಯಾ ಸಾಯುತ್ತದಾದರೆ ಬಿಲ್ಲೆಯ ಸುತ್ತ ಸ್ವಚ್ಛವಾದ ಉಂಗುರ ಬರುತ್ತದೆ. ಜೆಂಟಾಮೈಸಿನ್ ಬಿಲ್ಲೆಯ ಅಂಚಿನ ತನಕ ಬ್ಯಾಕ್ಟೀರಿಯಾ ಬೆಳೆದಿತ್ತು. ಕೊಲಿಸ್ಟಿನ್‌ಗೂ ಹಾಗೆಯೇ. ಅದು ನಾವು ಐಸಿಯುನಲ್ಲಿ ಕೊನೆಗೆ ಹಿಡಿಯುವ ಔಷಧ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದರೆ ಅಮಾಕ್ಸಿಕ್ಲಾವ್ ಬಿಲ್ಲೆಯ ಸುತ್ತ ಅಗಲವಾದ ಉಂಗುರ. ಮೆಡಿಕಲ್ ಅಂಗಡಿಯಲ್ಲಿ ದಿನಾ ಮಾರಾಟವಾಗುವ ಮಾತ್ರೆ ಅದು! ಮಾಮೂಲಿ ಸೂಡೋಮೊನಾಸ್ ಆಗಿದ್ದರೆ ಇದು ಪೂರ್ತಿ ತಲೆಕೆಳಗಾಗಿ ಇರಬೇಕಿತ್ತು. ಅಮಾಕ್ಸಿಕ್ಲಾವ್‌ಗೆ ಅದು ಜಗ್ಗುವುದಿಲ್ಲ, ಕೊಲಿಸ್ಟಿನ್‌ಗೆ ಸಾಮಾನ್ಯವಾಗಿ ಸಾಯುತ್ತದೆ. ಸ್ಲೈಡ್ ನೋಡಿದರೆ ಎರಡು ತುದಿಯಲ್ಲಿ ಬಣ್ಣ ಹಿಡಿದು ನಡುವೆ ಖಾಲಿ ಇರುವ ಕಡ್ಡಿಗಳು, ಸೇಫ್ಟಿ ಪಿನ್ನಿನ ಹಾಗೆ.

ಬರ್ಕ್‌ಹೋಲ್ಡೇರಿಯಾ ಸೂಡೋಮಲ್ಲೈ ಅನ್ನುವ ಬೇರೆಯೇ ಬ್ಯಾಕ್ಟೀರಿಯಾ. ಅದು ತರುವ ಕಾಯಿಲೆಯ ಹೆಸರು ಮೆಲಿಯಾಯ್ಡೋಸಿಸ್. ಓದುವಾಗ ಪರೀಕ್ಷೆಗೆ ಒಂದು ಪ್ಯಾರಾ ಓದಿದ್ದೆ, ಅಷ್ಟೇ.

ಪ್ಲೇಟನ್ನು ಅವತ್ತೇ ಎಸೆಯಬೇಡಿ ಅಂತ ಹೇಳಿದೆ. ಮೂರನೇ ದಿನಕ್ಕೆ ನುಣ್ಣಗಿದ್ದ ಕಾಲೋನಿಗಳು ಒಣಗಿ ಸುಕ್ಕುಗಟ್ಟಿದ್ದವು, ಆರಿದ ಗಂಜಿಯ ಮೇಲೆ ಕೆನೆ ಕಟ್ಟಿ ಮುದುಡಿದ ಹಾಗೆ. ನಾವು ಸಾಮಾನ್ಯವಾಗಿ ಎರಡನೇ ದಿನವೇ ರಿಪೋರ್ಟ್ ಬರೆದು ಪ್ಲೇಟ್ ಆಚೆ ಹಾಕುತ್ತೇವೆ. ಸುಕ್ಕು ಬರುವುದು ಆಮೇಲೆ. ಇನ್ನೊಂದು ಮಾತು ಲ್ಯಾಬ್‌ನವರಿಗೆ. ಇದನ್ನು ಮೂಸಿ ನೋಡಬೇಡಿ. ಮಣ್ಣಿನ ವಾಸನೆ ಬರುತ್ತದೆ ಅಂತ ಹಳಬರು ಮೂಸುತ್ತಿದ್ದರು, ಆದರೆ ಇದು ಉಸಿರಿನ ಮೂಲಕವೂ ಒಳಗೆ ಹೋಗುವ ಬ್ಯಾಕ್ಟೀರಿಯಾ. ಅನುಮಾನ ಬಂದ ಮೇಲೆ ನಾವು ಆ ಪ್ಲೇಟನ್ನು ತೆರೆದ ಮೇಜಿನ ಮೇಲೆ ಬಿಚ್ಚಲೇ ಇಲ್ಲ. ಸ್ಯಾಂಪಲ್ ಅನ್ನು ಮೆಡಿಕಲ್ ಕಾಲೇಜಿನ ದೊಡ್ಡ ಲ್ಯಾಬ್‌ಗೆ ಕಳಿಸಿದೆವು, ಅಲ್ಲಿ ಖಚಿತವಾಯಿತು.

ಅಲ್ಲಿನ ರಿಪೋರ್ಟ್ ಬರುವ ತನಕ ಕಾಯಲಿಲ್ಲ. ಸೆಫ್ಟಾಜಿಡಿಮ್ ಇಂಜೆಕ್ಷನ್ ಅನುಮಾನ ಬಂದ ಸಂಜೆಯೇ ಶುರು ಮಾಡಿದೆವು. ಇಲ್ಲಿಂದ ಮುಂದೆ ನನಗೆ ನಿಜವಾಗಿ ಕಷ್ಟವಾದದ್ದು ರೋಗ ಅಲ್ಲ, ಕಾಯುವುದು. ಮೆಲಿಯಾಯ್ಡೋಸಿಸ್‌ನಲ್ಲಿ ಸರಿಯಾದ ಔಷಧ ಕೊಟ್ಟರೂ ಜ್ವರ ಇಳಿಯಲು ಒಂಬತ್ತು ಹತ್ತು ದಿನ ಬೇಕಾಗುವುದು ಮಾಮೂಲು, ಕೀವು ಒಳಗಿದ್ದರೆ ಇನ್ನೂ ಜಾಸ್ತಿ. ಇದು ಪುಸ್ತಕದಲ್ಲಿ ಒಂದು ಸಾಲು. ವಾರ್ಡಿನಲ್ಲಿ ಅದು ಆರನೇ ದಿನ ರಾತ್ರಿ ನಡುಗುತ್ತಿರುವ ತಾಯಿ, ಬಾಗಿಲಲ್ಲಿ ನಿಂತು "ಮಂಗಳೂರಿಗೆ ಕರ್ಕೊಂಡು ಹೋಗುವುದಾ ಡಾಕ್ಟ್ರೇ, ಸರಿಯಾಗಿ ಹೇಳಿ" ಅಂತ ಕೇಳುವ ಮಗ. ಔಷಧ ಬದಲಿಸಲು ಕೈ ಎಷ್ಟು ತುರಿಸುತ್ತದೆ ಅಂದರೆ ಹೇಳಲಾಗುವುದಿಲ್ಲ. ಬದಲಿಸಲಿಲ್ಲ. ಮಗನನ್ನು ಕೂರಿಸಿ ಜ್ವರದ ಚಾರ್ಟ್ ತೋರಿಸಿದೆ. ಇಳಿದಿಲ್ಲ ನಿಜ, ಆದರೆ ನೋಡಿ, ಮೊದಲು ದಿನಕ್ಕೆ ಮೂರು ಸಲ ಏರುತ್ತಿತ್ತು, ಈಗ ಒಂದು ಸಲ. ಅಮ್ಮ ಇವತ್ತು ಗಂಜಿ ಕೇಳಿದ್ದಾರೆ. ಹನ್ನೊಂದನೇ ದಿನ ಜ್ವರ ಬಿಟ್ಟಿತು. ಇಂಜೆಕ್ಷನ್ ನಾಲ್ಕು ವಾರ, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಮೂರು ತಿಂಗಳು. ಮಾತ್ರೆ ನಡುವೆ ಬಿಟ್ಟರೆ ಇದು ಮತ್ತೆ ಬರುತ್ತದೆ, ಹಾಗಾಗಿ ಆ ಮೂರು ತಿಂಗಳು ಅವರ ಮನೆಗೆ ನಮ್ಮ ನರ್ಸ್ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು.

ಸ್ವಲ್ಪ ಹುಷಾರಾದ ಮೇಲೆ ಅವರ ಹತ್ತಿರ ಕೂತು ಮಾತಾಡಿದೆ. ಕೇಸ್ ಶೀಟ್‌ನಲ್ಲಿ ಕೆಲಸ ಅನ್ನುವ ಜಾಗದಲ್ಲಿ ‘ಗೃಹಿಣಿ’ ಅಂತಿತ್ತು. ಅವರು ಮಳೆ ಶುರುವಾದಾಗಿನಿಂದ ಮೂರು ಮನೆಯ ಗದ್ದೆಯಲ್ಲಿ ನಟ್ಟಿ ಮಾಡಿದ್ದರು. ಈ ಬ್ಯಾಕ್ಟೀರಿಯಾ ಇರುವುದು ಒದ್ದೆ ಮಣ್ಣು, ಕೆಸರು ನೀರಿನಲ್ಲಿ. ಗಾಯದ ಮೂಲಕ ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರನ್ನು ಜಾಸ್ತಿ ಹಿಡಿಯುತ್ತದೆ. "ಕಾಲಲ್ಲಿ ಗಾಯ ಇತ್ತಾ?" ಅಂತ ಕೇಳಿದೆ. "ನಟ್ಟಿಯ ಟೈಮಲ್ಲಿ ಗಾಯ ಇಲ್ಲದ ಕಾಲು ಯಾರದ್ದುಂಟು ಡಾಕ್ಟ್ರೇ?" ಅಂದರು. ಬೂಟು ಹಾಕಿಕೊಳ್ಳಿ ಅಂದೆ. ಕೆಸರಿನಲ್ಲಿ ಬೂಟು ಹೂತು ಹೋದರೆ ಕಾಲು ಮಾತ್ರ ಮೇಲೆ ಬರುತ್ತದೆ ಅಂತ ಅವರೇ ನನಗೆ ಹೇಳಿಕೊಟ್ಟರು. ಕೊನೆಗೆ ನಾವು ಒಪ್ಪಿಕೊಂಡದ್ದು ಇಷ್ಟು. ಸಕ್ಕರೆ ಹಿಡಿತದಲ್ಲಿಡುವುದು, ಗಾಯ ಇದ್ದ ದಿನ ಗದ್ದೆಗೆ ಇಳಿಯದೆ ನೇಜಿ (ಭತ್ತದ ಸಸಿ) ಕಟ್ಟುವ ಕೆಲಸ ಮಾತ್ರ ಮಾಡುವುದು.

ಇಲ್ಲಿಗೆ ಒಂದು ಅಪರೂಪದ ಕೇಸ್ ಮುಗಿಯಿತು ಅಂದುಕೊಂಡಿದ್ದೆ. ಟೆಕ್ನಿಷಿಯನ್ ಒಂದು ಮಾತು ಹೇಳಿದರು. "ಇಂಥ ಪ್ಲೇಟ್ ಮೊದಲೂ ನೋಡಿದ ನೆನಪುಂಟು."

ಆ ಭಾನುವಾರ ಇಬ್ಬರೂ ಕೂತು ಹಳೆಯ ಕಲ್ಚರ್ ರಿಜಿಸ್ಟರ್ ತೆಗೆದೆವು. ಉದ್ದದ, ಕೆಂಪು ರಟ್ಟಿನ ಪುಸ್ತಕ, ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಬೆರಳಿಟ್ಟು ಒಂದೊಂದೇ ಸಾಲು ಓದಿದೆವು. ‘ಸೂಡೋಮೊನಾಸ್’ ಅಂತ ಬರೆದು, ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ‘ಆರ್’ (ಔಷಧಕ್ಕೆ ಜಗ್ಗುವುದಿಲ್ಲ), ಅಮಾಕ್ಸಿಕ್ಲಾವ್‌ಗೆ ‘ಎಸ್’ (ಔಷಧಕ್ಕೆ ಸಾಯುತ್ತದೆ) ಇರುವ ಸಾಲು ಸಿಗುತ್ತದಾ ಅಂತ. ಸಿಕ್ಕಿತು. ಒಂದಲ್ಲ. ಕೈಬೆರಳಲ್ಲಿ ಎಣಿಸುವಷ್ಟೇ, ಆದರೆ ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಅಕ್ಟೋಬರ್ ಒಳಗೆ. ಕೆಲವು ನನ್ನದೇ ರೋಗಿಗಳು. ನನ್ನ ಸಹಿ ಇತ್ತು. ಆ ರಿಪೋರ್ಟನ್ನು ನಾನು ನೋಡಿದ್ದೆ, ಹೆಸರು ಓದಿ ಮುಂದೆ ಹೋಗಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಸಂಶೋಧನೆ ಶುರುವಾದದ್ದು ಅಲ್ಲಿಂದ.

ಹಳೆಯ ದಾಖಲೆ ನೋಡಿ ಬರೆಯುವುದಕ್ಕೂ ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆಯಿಂದ ರೋಗಿಗಳಿಗೆ ಅನ್ಯಾಯ ಆಗದ ಹಾಗೆ ನೋಡುವ ಸಮಿತಿಯ ಒಪ್ಪಿಗೆ ಬೇಕು. ನಮ್ಮಂಥ ಆಸ್ಪತ್ರೆಯಲ್ಲಿ ಕಮಿಟಿ ಇಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಕಮಿಟಿ ಇಲ್ಲದವರು ಬೇರೆ ಸಂಸ್ಥೆಯ ಕಮಿಟಿಯ ಜೊತೆ ಒಪ್ಪಂದ ಮಾಡಿಕೊಂಡು ಹೋಗಬಹುದು. ನಾವು ಹಾಗೆಯೇ ಮಾಡಿದೆವು. ಎರಡು ಪುಟದ ಅರ್ಜಿ ಅಂದುಕೊಂಡದ್ದು ಹದಿನಾಲ್ಕು ಪುಟ ಆಯಿತು, ತಿಂಗಳುಗಟ್ಟಲೆ ಹಿಡಿಯಿತು. ಅದು ವ್ಯರ್ಥ ಅಂತ ನಾನು ಹೇಳುವುದಿಲ್ಲ. ಕಮಿಟಿಯಲ್ಲಿದ್ದ ಒಬ್ಬರು, ಡಾಕ್ಟರ್ ಅಲ್ಲದವರು, ಕೇಳಿದರು: "ಹಳೆಯ ರೋಗಿಗಳ ಮನೆಗೆ ಫೋನ್ ಮಾಡುತ್ತೀರಿ, ಸರಿ. ಅವರು ತೀರಿಕೊಂಡಿದ್ದರೆ ಮನೆಯವರಿಗೆ ಏನು ಹೇಳುತ್ತೀರಿ?" ನಾನು ಅದನ್ನು ಯೋಚನೆಯೇ ಮಾಡಿರಲಿಲ್ಲ.

ಮೊದಲ ಫೋನೇ ಹಾಗಾಯಿತು. ಎತ್ತಿದ್ದು ಹೆಂಡತಿ. "ಅವರು ಹೋಗಿ ಎರಡು ವರ್ಷ ಆಯ್ತಲ್ಲ" ಅಂದರು. ಯಾವ ಕಾಯಿಲೆ ಅಂತ ಕೊನೆಗೂ ಗೊತ್ತಾಗಲಿಲ್ಲ ಅಂದರು. ಕಮಿಟಿಯವರು ಕೇಳಿದ್ದರಿಂದ ನನ್ನ ಹತ್ತಿರ ಒಂದು ಉತ್ತರ ತಯಾರಿತ್ತು. ಗೊತ್ತಿರುವುದನ್ನು ಹೇಳಿದೆ, ಆಗ ನಮಗೂ ಗೊತ್ತಾಗಿರಲಿಲ್ಲ ಅನ್ನುವುದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಮೈದುನನಿಗೂ ಶುಗರ್ ಉಂಟು, ಅವನೂ ಗದ್ದೆಗೆ ಇಳಿಯುವವ, ಕಳಿಸ್ತೇನೆ, ಒಮ್ಮೆ ನೋಡಿ" ಅಂದರು.

ಲೆಕ್ಕ ಹಾಕಲು ಕೂತಾಗ ಇನ್ನೊಂದು ತೊಡಕು. ರಿಜಿಸ್ಟರಿನಲ್ಲಿ ಇರುವವರು ಕಲ್ಚರ್ ತೆಗೆಯುವ ತನಕ ಬದುಕಿದ್ದವರು ಮಾತ್ರ. ಬಂದ ರಾತ್ರಿಯೇ ತೀರಿಕೊಂಡವರು, ಆ್ಯಂಟಿಬಯಾಟಿಕ್ ಮೊದಲೇ ಏರಿಸಿದ್ದರಿಂದ ಕಲ್ಚರ್‌ನಲ್ಲಿ ಏನೂ ಬೆಳೆಯದವರು, ದೊಡ್ಡ ಆಸ್ಪತ್ರೆಗೆ ಕಳಿಸಲ್ಪಟ್ಟವರು, ಇವರು ಯಾರೂ ಅದರಲ್ಲಿ ಇಲ್ಲ. ಹಾಗಾಗಿ ನಮ್ಮ ಊರಿನಲ್ಲಿ ಇಷ್ಟು ಶೇಕಡಾ ಜನಕ್ಕೆ ಈ ಕಾಯಿಲೆ ಅಂತ ಬರೆಯಲು ನಮಗೆ ಹಕ್ಕಿಲ್ಲ. ಜೊತೆಯಲ್ಲಿದ್ದ ಕಿರಿಯ ಡಾಕ್ಟರ್ ಒಬ್ಬರಿಗೆ ಶೇಕಡಾವಾರು ಹಾಕುವ ಆಸೆ ಜಾಸ್ತಿ ಇತ್ತು. ಅಷ್ಟು ಸಣ್ಣ ಸಂಖ್ಯೆಗೆ ಶೇಕಡಾ ಹಾಕಿದರೆ ಓದುವವರಿಗೆ ಮೋಸ ಮಾಡಿದ ಹಾಗೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಬರೀ ಕೇಸ್‌ಗಳನ್ನು ಇದ್ದ ಹಾಗೆ ವಿವರಿಸಿದೆವು.

ಓದುತ್ತಾ ಹೋದ ಹಾಗೆ ಧೈರ್ಯ ಬಂತು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1911ರಲ್ಲಿ, ಬರ್ಮಾದ ರಂಗೂನಿನ ಆಸ್ಪತ್ರೆಯ ಶವಪರೀಕ್ಷೆ ಕೋಣೆಯಲ್ಲಿ. ಅದನ್ನು 1912ರಲ್ಲಿ ಬರೆದವರು ಅಲ್ಲಿನ ವೈದ್ಯ ವಿಟ್‌ಮೋರ್ ಮತ್ತು ಅವರ ಜೊತೆ ಕೆಲಸ ಮಾಡಿದ ಕೃಷ್ಣಸ್ವಾಮಿ. ಆಮೇಲಿನ ದೊಡ್ಡ ಕೆಲಸ ನಡೆದದ್ದು ಥಾಯ್ಲೆಂಡಿನ ಉಬೊನ್ ರಾಚತಾನಿಯಲ್ಲಿ. ಅದು ರಾಜಧಾನಿ ಅಲ್ಲ, ಸುತ್ತ ಭತ್ತದ ಗದ್ದೆಗಳಿರುವ ಪ್ರಾಂತ್ಯ, ಅಲ್ಲಿನ ಪ್ರಾದೇಶಿಕ ಆಸ್ಪತ್ರೆ. 1989ರಲ್ಲಿ ಅಲ್ಲಿಂದ ಬಂದ ವರದಿ ಸೆಫ್ಟಾಜಿಡಿಮ್ ಕೊಟ್ಟರೆ ತೀವ್ರ ಕಾಯಿಲೆಯಲ್ಲಿ ಸಾವು ಶೇ. 74ರಿಂದ 37ಕ್ಕೆ ಇಳಿಯುತ್ತದೆ ಅಂತ ತೋರಿಸಿತು. ಗದ್ದೆ ಕೆಲಸದವರು ಬಂದು ಮಲಗುವ ವಾರ್ಡಿನಲ್ಲಿ ಸಿಕ್ಕ ಉತ್ತರ ಅದು. ನಮ್ಮ ಹೆಂಗಸಿನ ಕೈಗೆ ನಾವು ಏರಿಸಿದ್ದೂ ಅದೇ ಔಷಧ.

ಪ್ರತ್ಯೇಕವಾಗಿ ಅವರೊಬ್ಬರ ಕೇಸ್ ರಿಪೋರ್ಟ್ ಬರೆಯುವಾಗ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಮಾಡಿ, ಗಟ್ಟಿಯಾಗಿ ಓದಿ ಹೇಳಿದೆ. "ನನ್ನ ಹೆಸರು ಬರ್ತದಾ?" ಅಂತ ಕೇಳಿದರು. ಇಲ್ಲ ಅಂದೆ. "ಊರಿನ ಹೆಸರೂ ಬೇಡ. ನಮ್ಮಲ್ಲಿ ಆಸ್ಪತ್ರೆಯಲ್ಲಿ ಅಷ್ಟು ದಿನ ಮಲಗಿದ್ದು ನಾನೊಬ್ಬಳೇ." ಸರಿ ಅಲ್ವಾ? ಹೆಸರು ತೆಗೆದರೆ ಗುರುತು ಹೋಯಿತು ಅಂತ ನಾವು ತಿಳಿದಿರುತ್ತೇವೆ. ಸಣ್ಣ ಊರಿನಲ್ಲಿ ವಯಸ್ಸು, ಕೆಲಸ, ತಿಂಗಳು ಇಷ್ಟಿದ್ದರೆ ಸಾಕು, ಅಂಗಡಿಯಲ್ಲಿ ಕೂತವರೂ ಹೇಳುತ್ತಾರೆ ಯಾರು ಅಂತ. ಊರು ತೆಗೆದೆ, ತಿಂಗಳು ತೆಗೆದು ‘ಮಳೆಗಾಲ’ ಅಂತ ಹಾಕಿದೆ, ವಯಸ್ಸನ್ನು ಹತ್ತು ವರ್ಷದ ಅಂತರದಲ್ಲಿ ಬರೆದೆ. ಬರೆಯುವ ಕ್ರಮಕ್ಕೆ ಕೇರ್ ಅನ್ನುವ, ಕೇಸ್ ರಿಪೋರ್ಟ್ ಬರೆಯುವವರಿಗಾಗಿ ಇರುವ ಮಾರ್ಗಸೂಚಿಯ ಪಟ್ಟಿ ಹಿಡಿದುಕೊಂಡೆ, ಮೊದಲ ಸಲ ಬರೆಯುವವರಿಗೆ ಅದು ಒಳ್ಳೆಯ ಊರುಗೋಲು. ಎರಡು ಪತ್ರಿಕೆಗಳು ವಾಪಸ್ ಕಳಿಸಿದವು. ಮೂರನೆಯದು ತೆಗೆದುಕೊಂಡಿತು.

ಈಗ ನಮ್ಮ ಅಡ್ಮಿಷನ್ ಶೀಟ್‌ನಲ್ಲಿ ‘ಕೆಲಸ’ದ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇವೆ: ‘ಕಳೆದ ಒಂದು ತಿಂಗಳಲ್ಲಿ ಮಣ್ಣು, ಕೆಸರಿನ ಕೆಲಸ ಮಾಡಿದ್ದೀರಾ?’ ಲ್ಯಾಬ್‌ನ ಇನ್‌ಕ್ಯುಬೇಟರ್ ಬಾಗಿಲಿಗೆ ಟೆಕ್ನಿಷಿಯನ್ ತಮ್ಮ ಕೈಯಾರೆ ಬರೆದು ಒಂದು ಚೀಟಿ ಅಂಟಿಸಿದ್ದಾರೆ. ‘ಜೆಂಟಾ ಆರ್, ಕೊಲಿಸ್ಟಿನ್ ಆರ್, ಅಮಾಕ್ಸಿಕ್ಲಾವ್ ಎಸ್ ಇದ್ದರೆ ಮುಚ್ಚಳ ತೆರೆಯಬೇಡಿ. ಎಸೆಯಬೇಡಿ. ಡಾಕ್ಟರಿಗೆ ಫೋನ್ ಮಾಡಿ.’ ಕಳೆದ ಮಳೆಗಾಲದಲ್ಲಿ ಆ ಫೋನ್ ಎರಡು ಸಲ ಬಂತು. ಒಮ್ಮೆ ರಾತ್ರಿ ಹನ್ನೊಂದಕ್ಕೆ, ಬಾವಿ ತೋಡುವ ಕೆಲಸದವರೊಬ್ಬರದ್ದು, ಸಕ್ಕರೆ 400ರ ಮೇಲೆ. ಮೊದಲ ಇಂಜೆಕ್ಷನ್ ಹನ್ನೆರಡರ ಒಳಗೆ ಹೋಯಿತು. ಅವರೀಗ ಮೂರು ತಿಂಗಳ ಮಾತ್ರೆ ಮುಗಿಸಿದ್ದಾರೆ.