ಶೇ 7ರಷ್ಟು ಕಡಿಮೆ ತೋರಿಸಿದ ಡೋಸ್ ಮಾಪಕ: ನನ್ನ ಅನುಭವ

ವಿಜಯಪುರದ ವಿಕಿರಣ ಚಿಕಿತ್ಸಾ ಘಟಕವೊಂದರಲ್ಲಿ ನನ್ನ ಕೆಲಸ. ಯಂತ್ರದ ಡೋಸ್ ಅಳೆಯುವ ಅಯಾನು ಕೋಶವನ್ನು ಪರೀಕ್ಷಿಸಿದಾಗ ಅಳತೆ ಸುಮಾರು ಶೇ 7ರಷ್ಟು ಕಡಿಮೆ ಬಂತು. ರೋಗಿಯ ಮೈಗೆ ತಲುಪುವ ಪ್ರಮಾಣದ ಮಾತಿದು; ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕೇಬಲ್ ಬದಲಿಸಿದೆ, ಸೋರಿಕೆ ವಿದ್ಯುತ್ ಅಳೆದೆ. ದೋಷವಿರಲಿಲ್ಲ. ತಪ್ಪು ಸಿಕ್ಕಿದ್ದು ಲೆಕ್ಕದ ಹಾಳೆಯಲ್ಲಿ: ವಾಯುಭಾರದ ಜಾಗದಲ್ಲಿ ಮೊಬೈಲ್ ನೋಡಿ 1010 ಹೆಕ್ಟೊಪ್ಯಾಸ್ಕಲ್ ಎಂದು ನಾನೇ ಬರೆದಿದ್ದೆ. ಅದು ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳುವ ಅಂಕಿ. ನಮ್ಮೂರು ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಕೋಣೆಯ ವಾಯುಭಾರ ಮಾಪಕ 942 ತೋರಿಸಿತು. ಈ ಕೋಶದೊಳಗೆ ಇರುವುದು ಹೊರಗಿನದೇ ಗಾಳಿ; ವಿಕಿರಣ ಅದರಲ್ಲಿ ಹುಟ್ಟಿಸುವ ಅಯಾನುಗಳಿಂದಲೇ (ವಿದ್ಯುದಾವೇಶದ ಕಣಗಳಿಂದಲೇ) ಡೋಸ್ ಅಳೆಯುವುದು. ಗಾಳಿ ತೆಳುವಾದಷ್ಟೂ ಅಯಾನುಗಳು ಕಡಿಮೆ, ಅಳತೆಗೆ ಮಾಡಬೇಕಾದ ತಿದ್ದುಪಡಿ ಹೆಚ್ಚು. ಹೋಲಿಕೆಗೆ 20 ಡಿಗ್ರಿ ಸೆಲ್ಸಿಯಸ್, 1013.25 ಹೆಕ್ಟೊಪ್ಯಾಸ್ಕಲ್ ಆಧಾರವಾಗಿಟ್ಟು, ವಾಯುಭಾರದ ಜಾಗದಲ್ಲಿ 942 ಹಾಕಿ ಮತ್ತೆ ಲೆಕ್ಕ ಮಾಡಿದೆ. ಅಂತರ ಶೇ 1ಕ್ಕಿಂತ ಕೆಳಗಿಳಿಯಿತು.